ಲೈನ್‌ಮನೆಯ ಒಂದು ಸಾವು, ಮೂರು ಕಡೆಯ ದುಡ್ಡು

2024ರ ಮಾರ್ಚ್‌ನಲ್ಲಿ ಕೊಡಗಿನ ನಮ್ಮ ಊರಿನ ಕಾಫಿ ತೋಟವೊಂದರಲ್ಲಿ ಕರಿಮೆಣಸು ಕೊಯ್ಯುತ್ತಿದ್ದ ಕಾರ್ಮಿಕರೊಬ್ಬರು ಏಣಿಯಿಂದ ಬಿದ್ದರು. ಸಿಲ್ವರ್ ಓಕ್ ಮರ, ಒಂಟಿ ಬಿದಿರಿನ ಏಣಿ, ಇಪ್ಪತ್ತು ಅಡಿಗೂ ಮೇಲೆ. ತಲೆ ಕಲ್ಲಿಗೆ ಬಡಿಯಿತು. ಒಂಬತ್ತು ದಿನ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದು ತೀರಿಕೊಂಡರು. ಎರವ ಎಂಬ ಆದಿವಾಸಿ ಸಮುದಾಯದವರು, ಆಧಾರ್ ಪ್ರಕಾರ ನಲವತ್ತು ವರ್ಷ. ಹೆಂಡತಿ ಅದೇ ತೋಟದಲ್ಲಿ ಕೆಲಸಕ್ಕೆ ಹೋಗುವವರು. ಹದಿಮೂರು ಮತ್ತು ಒಂಬತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳು. ವಾಸ ತೋಟದ ಲೈನ್‌ಮನೆಯಲ್ಲಿ, ಅಂದರೆ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲೊಂದರಲ್ಲಿ.

ಆ ಕುಟುಂಬಕ್ಕೆ ಮುಂದಿನ ಒಂದು ವರ್ಷ ಎಲ್ಲೆಲ್ಲಿಂದ ಎಷ್ಟೆಷ್ಟು ದುಡ್ಡು ಬಂತು, ಯಾವಾಗ ಬಂತು, ಯಾರು ಕೊಟ್ಟರು ಎಂಬ ಲೆಕ್ಕ ನನ್ನ ಬಳಿ ಇದೆ. ನಾನು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಆಸ್ಪತ್ರೆಯ ಬಿಲ್ಲಿಗೆ ಊರಿನಲ್ಲಿ ಚಂದಾ ಎತ್ತಿದಾಗ ಪುಸ್ತಕ ನನ್ನ ಕೈಗೆ ಕೊಟ್ಟರು. ಆ ಪುಸ್ತಕವನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ತೆರಿಗೆ ಹೆಚ್ಚಬೇಕೇ, ಸರ್ಕಾರ ಬಡವರಿಗೆ ಕೊಡಬೇಕೇ, ಉಳ್ಳವರು ತಾವಾಗಿ ಕೊಟ್ಟರೆ ಸಾಲದೇ ಎಂದು ನಮ್ಮಲ್ಲಿ ಮದುವೆ ಮನೆಯಲ್ಲೂ ಸಂತೆಯಲ್ಲೂ ವಾದ ನಡೆಯುತ್ತದೆ. ಒಂದು ಮನೆಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮುಂದಿಟ್ಟುಕೊಂಡು ಅದೇ ವಾದ ಮಾಡಿದರೆ ಬೇರೆಯದೇ ಏನೋ ಕಾಣುತ್ತದೆ.

ಮೊದಲ ಒಂಬತ್ತು ದಿನ

ಅವರು ಬಿದ್ದ ಕಾಲು ಗಂಟೆಯಲ್ಲಿ ತೋಟದ ಮಾಲೀಕರು ತಮ್ಮ ಜೀಪಿನ ಹಿಂದಿನ ಸೀಟು ಮಡಚಿ, ಹಾಸಿಗೆ ಹಾಕಿಸಿ, ತಾವೇ ಓಡಿಸಿಕೊಂಡು ಹೋದರು. ತಲೆಗೆ ದೊಡ್ಡ ಪೆಟ್ಟಾದರೆ ಕೊಡಗಿನಿಂದ ಮೈಸೂರಿಗೋ ಮಂಗಳೂರಿಗೋ ಓಡುವುದು ನಮಗೆ ಹೊಸದಲ್ಲ. ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಇಲ್ಲಿನ ಯುವಕರು ದೊಡ್ಡ ಅಭಿಯಾನವನ್ನೇ ಮಾಡಿದ್ದರು. ಗಾಯಾಳು ದಾರಿಯಲ್ಲಿ ಕಳೆಯುವ ಆ ಮೂರು ಗಂಟೆಯೂ ಬಡವರಿಗೆ ಸಿಗದೆ ಹೋದ ಸರ್ಕಾರಿ ಸೇವೆಯೇ ಎಂದು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದ್ದೇ ಇತ್ತು. ಆದರೆ ಅವರ ಹೆಸರಿದ್ದ ರೇಷನ್ ಕಾರ್ಡು ಬೇರೆ ಜಿಲ್ಲೆಯ ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ, ತಾಯಿಯ ಬಳಿ ಇತ್ತು. ಜೀಪು ಮೊದಲು ತಲುಪಿದ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿ ಇರಲಿಲ್ಲ. ಆ ಸ್ಥಿತಿಯಲ್ಲಿ ಮತ್ತೊಂದು ಆಸ್ಪತ್ರೆಗೆ ಸಾಗಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹೀಗೆ 5 ಲಕ್ಷದ ರಕ್ಷಣೆ ಹೆಸರಿಗೆ ಇದ್ದೂ ಕೈಗೆ ಸಿಗದೆ ಹೋಯಿತು.

ಇನ್ನೊಂದು ಹೀಗೆಯೇ ತಪ್ಪಿತು. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಅವರು ಎಂದೋ ಸಹಿ ಹಾಕಿದ್ದರು. ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುವ ವಿಮೆ ಅದು. ಕಂತಿನ ಹಣ ಜೂನ್ ಮೊದಲ ದಿನದ ಹೊತ್ತಿಗೆ ಖಾತೆಯಿಂದ ತಾನಾಗಿ ಕಡಿತವಾಗಬೇಕು. 2023ರ ಜೂನ್‌ನಲ್ಲಿ ಖಾತೆಯಲ್ಲಿದ್ದದ್ದು 11 ರೂಪಾಯಿ. ಪಾಸ್‌ಬುಕ್ಕಿನ ಆ ಸಾಲನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಆಸ್ಪತ್ರೆಯ ಬಿಲ್ಲು 2,86,000 ರೂಪಾಯಿ. ಮಾಲೀಕರು 2,00,000 ಕಟ್ಟಿದರು. ಊರಿನಿಂದ 61,400 ಕೂಡಿತು. ಉಳಿದ 24,600ನ್ನು ಆಸ್ಪತ್ರೆಯವರು ಬಿಟ್ಟರು. ಊರಿನ 61,400ರ ವಿವರ ಪುಸ್ತಕದಲ್ಲಿ ಹೀಗಿದೆ. ಸುತ್ತಮುತ್ತಲಿನ ಎಂಟು ತೋಟಗಳ ಮಾಲೀಕರಿಂದ 36,000. ಬೆಂಗಳೂರಿನಲ್ಲಿರುವ ಮಾಲೀಕರ ಸೋದರಳಿಯನಿಂದ 10,000. ಮಸೀದಿಯ ಡಬ್ಬಿಯಿಂದ 5,000. ಸ್ತ್ರೀಶಕ್ತಿ ಸಂಘದಿಂದ 3,000. ಆಟೋ ಸ್ಟ್ಯಾಂಡಿನವರಿಂದ 2,800. ಇನ್ನು 4,600 ಬಂದದ್ದು ಲೈನ್‌ಮನೆಗಳ ನಲವತ್ತಾರು ಕಾರ್ಮಿಕರಿಂದ, ತಲೆಗೆ ನೂರರಂತೆ. ಅವರಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದರು. ಶನಿವಾರದ ಬಟವಾಡೆ ಕೈಗೆ ಬಂದ ಕೂಡಲೇ ಸಾಲಾಗಿ ನಿಂತು ಕೊಟ್ಟರು.

ಮಣ್ಣಿನ ದಿನ ಮಾಲೀಕರು ಮತ್ತೆ 25,000 ಕೊಟ್ಟರು. ತೀರಿಕೊಂಡವರ ಹೆಸರಿನಲ್ಲಿದ್ದ 18,000 ಅಡ್ವಾನ್ಸು ವಜಾ ಎಂದು ತೋಟದ ಲೆಕ್ಕ ಬರೆಯುವ ರೈಟರ ಎದುರೇ ಹೇಳಿದರು. 'ಲೈನ್‌ಮನೆಯಿಂದ ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ ಮಾರಾಯ್ತಿ, ಮಕ್ಕಳನ್ನು ನೋಡಿಕೋ' ಎಂದರು. ಅವರ ಕಣ್ಣು ತುಂಬಿತ್ತು. ಅವರ ದುಃಖದಲ್ಲಿ ಸುಳ್ಳಿರಲಿಲ್ಲ. ಮುಂದೆ ಬರೆಯುವುದನ್ನು ಓದುವಾಗ ಇದನ್ನು ಮರೆಯಬಾರದು ಎಂದು ಕೇಳಿಕೊಳ್ಳುತ್ತೇನೆ.

ಜಗಲಿಯ ವಾದ

ಏಪ್ರಿಲ್‌ನಲ್ಲಿ ಒಂದು ಭಾನುವಾರ ಲೆಕ್ಕ ಒಪ್ಪಿಸಲು ಮಾಲೀಕರ ಮನೆಗೆ ಹೋದೆ. ದುಡ್ಡು ಕೊಟ್ಟವರಲ್ಲಿ ಐದಾರು ಮಂದಿ ಬಂದಿದ್ದರು. ಸೋದರಳಿಯನೂ ಬೆಂಗಳೂರಿನಿಂದ ಬಂದಿದ್ದ. ಏಪ್ರಿಲ್ 26ಕ್ಕೆ ಮೈಸೂರು-ಕೊಡಗು ಕ್ಷೇತ್ರದ ಮತದಾನ. ಯಾರ ಬಾಯಲ್ಲಿ ನೋಡಿದರೂ ಗ್ಯಾರಂಟಿಗಳದ್ದೇ ಮಾತು.

ಮಾಲೀಕರೇ ಶುರು ಮಾಡಿದರು. 'ನೋಡಿ, ನಾನು ಕೊಟ್ಟ ಎರಡು ಲಕ್ಷ ನೆಟ್ಟಗೆ ಆಸ್ಪತ್ರೆಗೆ ಹೋಯಿತು. ಅದನ್ನೇ ತೆರಿಗೆ ಅಂತ ಕಟ್ಟಿದ್ದರೆ ಇವಳ ಕೈಗೆ ಎಷ್ಟು ಮುಟ್ಟುತ್ತಿತ್ತು? ಜೀಪಿಗೆ ಡೀಸೆಲ್ ಹಾಕಿಸಲು ಅರ್ಜಿ ಬರೆಯುತ್ತಾ ಕೂತಿದ್ದರೆ ಗಾಯಾಳು ಇಲ್ಲೇ ಸಾಯುತ್ತಿದ್ದ.'

ಆ ಮಾತಿಗೆ ಎದುರಾಡುವುದು ಕಷ್ಟ. ಆ ದಿನ ಕಾಲು ಗಂಟೆಯಲ್ಲಿ ಬಂದದ್ದು ಅವರೇ.

ಸೋದರಳಿಯ ಬಿಡಲಿಲ್ಲ. 'ಮಾವ, ನೀವಿದ್ದಿರಿ, ಕೊಟ್ಟಿರಿ. ಕೊಡದವರ ತೋಟದಲ್ಲಿ ಬಿದ್ದಿದ್ದರೆ? ನನ್ನ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿತವಾಗುತ್ತದೆ, ಕೊಡುತ್ತೀಯಾ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಕಾಫಿಗೆ ಆದಾಯ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆ ದಂಡವಾಯಿತು ಅಂತ ಹೇಗೆ ಹೇಳುತ್ತೀರಿ?'

ಅವನ ಮಾತಿನ ಹಿಂದಿನ ಕಾನೂನನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮಲ್ಲಿ ಬೆಳೆಗಾರರಿಗೂ ಇದು ಪೂರ್ತಿ ಗೊತ್ತಿರುವುದಿಲ್ಲ. ಕೃಷಿ ಆದಾಯದ ಮೇಲೆ ಕೇಂದ್ರ ಸರ್ಕಾರ ತೆರಿಗೆ ಹಾಕುವಂತಿಲ್ಲ, ಸಂವಿಧಾನ ಅದನ್ನು ರಾಜ್ಯಗಳ ಪಟ್ಟಿಗೆ ಬಿಟ್ಟಿದೆ. ಬೆಳೆದ ಕಾಫಿಯನ್ನು ತಾನೇ ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹದಮಾಡಿಸಿ, ಮಾರಿದರೆ ಆ ಆದಾಯದ ಶೇ 25ರಷ್ಟನ್ನು ವ್ಯಾಪಾರದ ಆದಾಯವೆಂದು ಲೆಕ್ಕ ಹಿಡಿಯುತ್ತಾರೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಒಣಗಿಸಿದ ಕಾಫಿ ಹಣ್ಣನ್ನು (ಚೆರಿ) ಹಾಗೆಯೇ ವ್ಯಾಪಾರಿಗೆ ಹಾಕುವವರಿಗೆ ಕೇಂದ್ರದ ಆದಾಯ ತೆರಿಗೆ ಬರುವುದಿಲ್ಲ. ಈ ಮಾಲೀಕರು ಹಾಗೆ ಮಾರುವವರು, 42 ಎಕರೆ ತೋಟ. ಆ ವರ್ಷ ರೋಬಸ್ಟಾ ಕಾಫಿಯ ದರ ನಾವು ಯಾರೂ ಕಂಡಿರದ ಎತ್ತರಕ್ಕೆ ಏರುತ್ತಿತ್ತು.

ಮಾಲೀಕರು ಸುಮ್ಮನಿರಲಿಲ್ಲ. ಡೀಸೆಲ್‌ಗೆ ತೆರಿಗೆ, ಗೊಬ್ಬರಕ್ಕೆ ಜಿಎಸ್‌ಟಿ, ಯಂತ್ರದ ಬಿಡಿಭಾಗಕ್ಕೆ ಜಿಎಸ್‌ಟಿ ಎಂದು ಎಣಿಸಿದರು. 2000ದ ಆಚೀಚೆ ಕಾಫಿ ದರ ನೆಲಕಚ್ಚಿದಾಗ, 2018ರ ಮಳೆಯಲ್ಲಿ ಗುಡ್ಡಗಳು ಜಾರಿದಾಗ ತಮ್ಮನ್ನು ಯಾರು ನೋಡಿದರು ಎಂದು ಕೇಳಿದರು. ಅದೂ ಸುಳ್ಳಲ್ಲ. ಒಂದು ವರ್ಷದ ದರ ನೋಡಿ ಬೆಳೆಗಾರನನ್ನು ಶ್ರೀಮಂತ ಎನ್ನುವವರು ನಾಲ್ಕು ವರ್ಷ ತೋಟ ಮಾಡಿ ನೋಡಬೇಕು.

ಆದರೆ ಮತ್ತೊಬ್ಬ ಹಿರಿಯರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. 'ನಮ್ಮ ಜಮ್ಮಾ ಜಮೀನಿಗೂ ಕಂದಾಯ ಅರ್ಧವೇ ಇತ್ತಲ್ಲ, ಸುಮ್ಮನೆ ಇತ್ತೇ?' ಅರಸರ ಕಾಲದಿಂದ ಬಂದು 1834ರ ನಂತರ ಬ್ರಿಟಿಷರೂ ಉಳಿಸಿಕೊಂಡ ಪದ್ಧತಿ ಅದು. 100 ಭಟ್ಟಿ (ಗದ್ದೆಯ ಹಳೆಯ ಅಳತೆ) ಗದ್ದೆಗೆ ಸಾಗು ಎಂಬ ಸಾಮಾನ್ಯ ಹಿಡುವಳಿಯವರು 10 ರೂಪಾಯಿ ಕಟ್ಟಿದರೆ ಜಮ್ಮಾ ಹಿಡುವಳಿಯವರಿಗೆ 5. ಆ ರಿಯಾಯಿತಿಗೆ ಬದಲಾಗಿ ಕರೆ ಬಂದಾಗ ಯುದ್ಧಕ್ಕೆ ಹೋಗಬೇಕು, ಕಾವಲು ಕಾಯಬೇಕು. ತೆರಿಗೆ ಬಿಟ್ಟರೆ ಅದರ ಬೆನ್ನಿಗೆ ಒಂದು ಹೊಣೆ ಇದ್ದೇ ಇರುತ್ತದೆ ಎಂಬುದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅದೇ ಕಾಲದಲ್ಲಿ ಎರವರು ಜಮ್ಮದ ಆಳುಗಳಾಗಿ, ಅಂದರೆ ತಲೆಮಾರಿನ ಜೀತದವರಾಗಿ, ಆ ಗದ್ದೆಯ ಜೊತೆಗೇ ಕೈಬದಲಾಗುತ್ತಿದ್ದರು ಎಂಬುದನ್ನು ಆ ಜಗಲಿಯಲ್ಲಿ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಗ್ಯಾರಂಟಿ ಬಂದ ಮೇಲೆ ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ದೂರೂ ಬಂತು. ಗೃಹಲಕ್ಷ್ಮಿ ತಿಂಗಳಿಗೆ 2,000. ಹೆಣ್ಣಾಳಿನ ಕೂಲಿ ನಮ್ಮಲ್ಲಿ ಆಗ ದಿನಕ್ಕೆ 400. ಐದು ದಿನದ ಕೂಲಿಗಾಗಿ ಇಪ್ಪತ್ತಾರು ದಿನದ ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹೆಂಗಸನ್ನು ನಾನು ಕಂಡಿಲ್ಲ. ಗ್ಯಾರಂಟಿ ಬಂದದ್ದು 2023ರಲ್ಲಿ. ಅಸ್ಸಾಮಿನವರು ನಮ್ಮ ಲೈನ್‌ಮನೆಗಳಿಗೆ ಬಂದು ಅದಕ್ಕೂ ಎಷ್ಟೋ ವರ್ಷಗಳಾಗಿದ್ದವು.

'ತೆರಿಗೆ ಕಟ್ಟುವವರು ಒಬ್ಬರು, ತಿನ್ನುವವರು ಇನ್ನೊಬ್ಬರು' ಎಂದು ಒಬ್ಬರು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಮಾರನೆಯ ವಾರ ಆ ಹೆಂಗಸು ಸಂತೆಯಿಂದ ತಂದ ಸಾಮಾನು ನೋಡಿದೆ. ಸೋಪು, ಟೂತ್‌ಪೇಸ್ಟು, ತಲೆಗೆ ಎಣ್ಣೆ, ಬಿಸ್ಕತ್ತು. ಆಗ ಇವೆಲ್ಲಕ್ಕೂ ಶೇ 18 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್‌ನಲ್ಲಿ ಶೇ 5ಕ್ಕೆ ಇಳಿಯಿತು. ತಿಂಗಳಿಗೆ ಇಂಥದ್ದು 900 ರೂಪಾಯಿಗೆ ಕೊಂಡರೆ ಅದರೊಳಗೆ 137 ರೂಪಾಯಿ ತೆರಿಗೆ, ವರ್ಷಕ್ಕೆ 1,600ರ ಮೇಲೆ. ಗಂಡ ಬದುಕಿದ್ದಾಗ ಶನಿವಾರ ಸಂಜೆ ಕುಡಿದದ್ದಕ್ಕೆ ಸೇರಿದ ಅಬಕಾರಿ ಸುಂಕ ಬೇರೆ. ಯಾರೂ ಅವರಿಗೆ ರಸೀದಿ ಕೊಟ್ಟಿಲ್ಲ, ಅಷ್ಟೇ.

ಆ ದಿನ ವಾದ ಮುಗಿಯಲಿಲ್ಲ. ಊಟದ ಹೊತ್ತಾಯಿತು, ಎದ್ದೆವು.

ಏಪ್ರಿಲ್‌ನಿಂದ ಆಗಸ್ಟ್

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಈ ಐದು ತಿಂಗಳುಗಳು.

ಏಪ್ರಿಲ್‌ನಲ್ಲಿ ಮೂರು ಮನೆಗಳಿಂದ ಅಕ್ಕಿ ಬಂತು. ಮೇ ತಿಂಗಳಲ್ಲಿ ಒಂದು ಮನೆಯಿಂದ. ಜೂನ್‌ನಲ್ಲಿ ಯಾರಿಂದಲೂ ಇಲ್ಲ. ಜನ ಕಲ್ಲುಹೃದಯದವರಾಗಿ ಹೀಗಾಯಿತು ಎನ್ನಲಾರೆ. ಮಳೆ ಹಿಡಿಯಿತು, ಮಕ್ಕಳ ಶಾಲೆಯ ಖರ್ಚು ಬಂತು, ಇನ್ನೊಂದು ಊರಿನಲ್ಲಿ ಇನ್ನೊಬ್ಬರಿಗೆ ಕಾಯಿಲೆ ಬಂತು, ಅದಕ್ಕೂ ಚಂದಾ ಎತ್ತಿದರು. ಕಣ್ಣೆದುರು ರಕ್ತ ಕಂಡಾಗ ಮನಸ್ಸು ಕರಗುತ್ತದೆ. ಮೂರನೇ ತಿಂಗಳ ಅಕ್ಕಿಯ ಡಬ್ಬಿ ಖಾಲಿಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸರ್ಕಾರದಿಂದ ಈ ಐದು ತಿಂಗಳಲ್ಲಿ ಆ ಹೆಂಗಸಿನ ಕೈಗೆ ಬಂದ ನಗದು ಸೊನ್ನೆ. ಅವರ ಹೆಸರು ಯಾವ ರೇಷನ್ ಕಾರ್ಡಿನಲ್ಲೂ ಇರಲಿಲ್ಲ. ಗಂಡನ ಹೆಸರು ಅತ್ತೆಯ ಕಾರ್ಡಿನಲ್ಲಿ, ಮಕ್ಕಳ ಹೆಸರೂ ಅಲ್ಲೇ. ಕಾರ್ಡಿಲ್ಲದಿದ್ದರೆ ಅನ್ನಭಾಗ್ಯದ ಅಕ್ಕಿಯಿಲ್ಲ. ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿಲ್ಲದಿದ್ದರೆ ಗೃಹಲಕ್ಷ್ಮಿಯಿಲ್ಲ. ಬಿಪಿಎಲ್ ಎಂದು ತೋರಿಸಲಾಗದಿದ್ದರೆ ದುಡಿಯುವವರು ಸತ್ತ ಮನೆಗೆ ಬರುವ 20,000 ರೂಪಾಯಿಯ ರಾಷ್ಟ್ರೀಯ ಕುಟುಂಬ ನೆರವೂ ಇಲ್ಲ. ಹೊಸ ಕಾರ್ಡಿಗೆ ಅರ್ಜಿ ಹಾಕೋಣವೆಂದರೆ ಚುನಾವಣೆಯ ನೀತಿಸಂಹಿತೆ ಎಂದರು. ಅದು ಮುಗಿದ ಮೇಲೆ ಆನ್‌ಲೈನ್ ತೆರೆದಿಲ್ಲ ಎಂದರು. ಒಂದು ದಿನ ತೆರೆಯಿತು ಎಂದು ಸುದ್ದಿ ಬಂತು, ನಾವು ಹೋಗುವಷ್ಟರಲ್ಲಿ ಸರ್ವರ್ ನಿಂತಿತ್ತು. ಅತ್ತೆಯ ಕಾರ್ಡಿನಿಂದ ಮಕ್ಕಳ ಹೆಸರು ತೆಗೆಸಲು ಎರಡು ಸಲ ಬೇರೆ ಜಿಲ್ಲೆಗೆ ಹೋಗಿ ಬಂದೆವು. ಹೋದ ದಿನದ ಕೂಲಿ ಹೋಯಿತು. ಶಕ್ತಿ ಯೋಜನೆಯಿಂದ ಅವರಿಗೆ ಬಸ್ಸು ಪುಕ್ಕಟೆ, ಅದೊಂದು ಉಪಕಾರವಾಯಿತು. ಗಿರಿಜನರಿಗೆ ಕೊಡುವ ಪೌಷ್ಟಿಕ ಆಹಾರದ ಚೀಲ ಹತ್ತಿರದ ಹಾಡಿಗೆ ಬಂತು. ಹಾಡಿಯ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ, ಲೈನ್‌ಮನೆಗೆ ಪಟ್ಟಿಯೇ ಇರಲಿಲ್ಲ.

2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ರಾಜ್ಯವೆಲ್ಲ ಕೇಳಿದ ಪ್ರಶ್ನೆ ಒಂದೇ, ಇವರೆಲ್ಲ ಎಲ್ಲಿಂದ ಬಂದರು? ಅವರಲ್ಲಿ ಬಹಳ ಮಂದಿ ಬಂದದ್ದು ಲೈನ್‌ಮನೆಗಳಿಂದ. ತಲೆಮಾರುಗಟ್ಟಲೆ ಒಂದೇ ಊರಿನಲ್ಲಿದ್ದರೂ ವಿಳಾಸ ಎಂದು ಹೇಳಿಕೊಳ್ಳಲು ಅವರಿಗೆ ಏನೂ ಇರಲಿಲ್ಲ. ಈ ಹೆಂಗಸಿನ ಅರ್ಜಿಯಲ್ಲಿ 'ಮನೆ ಸಂಖ್ಯೆ' ಎಂದಿದ್ದ ಜಾಗದಲ್ಲಿ ಏನು ಬರೆಯಬೇಕು ಎಂದು ಪೆನ್ನು ಹಿಡಿದು ಕೂತಾಗ ನನಗೆ ಅದು ಅರ್ಥವಾಯಿತು.

ಆದರೂ ಸರ್ಕಾರ ಏನೂ ಕೊಡಲಿಲ್ಲ ಎಂದರೆ ತಪ್ಪಾಗುತ್ತದೆ. ಕಿರಿಯ ಮಗಳು ಆಶ್ರಮ ಶಾಲೆಯಲ್ಲಿದ್ದಳು, ಹಿರಿಯವಳು ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ. ಮೂರು ಹೊತ್ತಿನ ಊಟ, ಬಟ್ಟೆ, ಪುಸ್ತಕ ಎಲ್ಲವೂ ಅಲ್ಲೇ. ಜಗಲಿಯಲ್ಲಿ ಅಷ್ಟು ಹೊತ್ತು ತೆರಿಗೆಯ ವಾದ ಮಾಡಿದವರಲ್ಲಿ ಒಬ್ಬರಿಗೂ ಇದು ನೆನಪಾಗಲಿಲ್ಲ, ಆ ಮಕ್ಕಳ ತಾಯಿಗೂ ಇದು ಸರ್ಕಾರದ ನೆರವು ಅನ್ನಿಸಿರಲಿಲ್ಲ. ದಿನಾ ಸಿಗುವುದು ನೆರವಿನ ಹಾಗೆ ಕಾಣುವುದಿಲ್ಲವೋ ಏನೋ. ಆದರೆ ಏಪ್ರಿಲ್, ಮೇ ಎರಡು ತಿಂಗಳು ಬೇಸಿಗೆ ರಜೆ. ಅಪ್ಪ ಸತ್ತ ಮನೆಗೆ ಇಬ್ಬರೂ ಬಂದರು. ಮನೆಯಲ್ಲಿ ಏನೂ ಇಲ್ಲದ ಹೊತ್ತಿಗೆ ಉಣ್ಣುವ ಬಾಯಿ ಎರಡು ಹೆಚ್ಚಾದವು.

ಮೇ ಕೊನೆಯಲ್ಲಿ ದೇವರಪುರದ ಕುಂಡೆ ಹಬ್ಬ ಬಂತು. ಅವರ ತಮ್ಮ ವೇಷ ಕಟ್ಟಿ, ಡಬ್ಬಿ ಬಡಿಯುತ್ತಾ, ಅಂಗಡಿ ಅಂಗಡಿಗೆ ಹೋಗಿ ದೇವರನ್ನೂ ಎದುರು ಸಿಕ್ಕವರನ್ನೂ ಬೈದು ದುಡ್ಡು ಎತ್ತಿದ. ಅದರಲ್ಲಿ 600 ರೂಪಾಯಿ ಅಕ್ಕನಿಗೆ ಕೊಟ್ಟ. ನನ್ನ ಪುಸ್ತಕದಲ್ಲಿ ಮೇ ತಿಂಗಳ ದೊಡ್ಡ ಮೊತ್ತ ಅದೇ. ವರ್ಷದಲ್ಲಿ ಆ ಒಂದು ದಿನ ನಮ್ಮ ಆದಿವಾಸಿಗಳು ತಲೆ ತಗ್ಗಿಸದೆ ಕೇಳುತ್ತಾರೆ, ಕೊಡುವವರೂ ಉಪಕಾರ ಮಾಡಿದೆ ಅಂದುಕೊಳ್ಳುವುದಿಲ್ಲ.

ಜೂನ್‌ನಲ್ಲಿ ಒಂದು ಸಂಗತಿ ನಡೆಯಿತು. ಪಕ್ಕದ ತೋಟದಲ್ಲಿ ದಿನಕ್ಕೆ 50 ರೂಪಾಯಿ ಹೆಚ್ಚು ಕೂಲಿ ಕೊಡುತ್ತಿದ್ದರು. ಹೋಗಬಹುದಲ್ಲ ಎಂದು ಕೇಳಿದೆ. 'ಹೇಗೆ ಹೋಗಲಿ ಸೆಕ್ರೆಟ್ರಿ ಸಾರ್, ಸಾವ್ಕಾರ್ರು ಎರಡು ಲಕ್ಷ ಹಾಕಿದ್ದಾರೆ' ಎಂದರು. ಮಾಲೀಕರು ಅವರನ್ನು ಹೋಗಬೇಡ ಎಂದಿರಲಿಲ್ಲ, ಆ ಯೋಚನೆಯೂ ಅವರಿಗೆ ಬಂದಿರಲಿಕ್ಕಿಲ್ಲ. ವಜಾ ಆಗಿದ್ದ ಅಡ್ವಾನ್ಸಿನ ಜಾಗದಲ್ಲಿ ಬರೆದಿಡದ ಇನ್ನೊಂದು ಅಡ್ವಾನ್ಸು ಬಂದು ಕೂತಿತ್ತು.

ಯಾರೂ ಕೇಳದ ಪ್ರಶ್ನೆ

ಜುಲೈಯಲ್ಲಿ ವಿಧವಾ ವೇತನದ ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳಲು ಕಾನೂನು ಸೇವಾ ಪ್ರಾಧಿಕಾರದ ವಕೀಲೆಯೊಬ್ಬರ ಬಳಿ ಅವರನ್ನು ಕರೆದುಕೊಂಡು ಹೋದೆ. ಮಹಿಳೆಯರಿಗೆ, ಪರಿಶಿಷ್ಟ ಪಂಗಡದವರಿಗೆ ಅಲ್ಲಿ ಫೀಸಿಲ್ಲ, ಆದಾಯ ಎಷ್ಟೇ ಇರಲಿ. ಚಿಕ್ಕ ವಯಸ್ಸಿನ ಹುಡುಗಿ. ಕಾಗದ ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು.

'ಕೆಲಸ ಮಾಡುವಾಗ ಬಿದ್ದದ್ದಾ?'

ನಾಲ್ಕು ತಿಂಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಲೆಕ್ಕ ಬರೆದ ನಾನೂ ಯೋಚಿಸಿರಲಿಲ್ಲ.

1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಕಾಫಿ ತೋಟದ ಕೆಲಸವೂ ಸೇರಿತ್ತು. ಕೆಲಸ ಮಾಡುವಾಗಿನ ಅಪಘಾತದಲ್ಲಿ ಕಾರ್ಮಿಕ ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿದಷ್ಟು ಹಣ ಕೊಡಬೇಕು. ನಲವತ್ತು ವರ್ಷಕ್ಕೆ ಆ ಅಂಕಿ 184.17. ಇವರ ಕೂಲಿ ದಿನಕ್ಕೆ 450, ಇಪ್ಪತ್ತಾರು ದಿನಕ್ಕೆ 11,700. ಅರ್ಧ 5,850. ಗುಣಿಸಿದರೆ 10,77,394 ರೂಪಾಯಿ 50 ಪೈಸೆ. ಇದಕ್ಕೆ ಅಂತ್ಯಕ್ರಿಯೆಯ ಖರ್ಚು ಸೇರುತ್ತದೆ. ತಿಂಗಳೊಳಗೆ ಠೇವಣಿ ಇಡದಿದ್ದರೆ ಶೇ 12 ಬಡ್ಡಿ. ಯಾರ ತಪ್ಪು ಎಂಬ ಪ್ರಶ್ನೆ ಇಲ್ಲ. ಜಗಲಿಯಲ್ಲಿ ಒಬ್ಬರು 'ಬೆಳಿಗ್ಗೆಯೇ ಕುಡಿದಿದ್ದನಂತೆ' ಎಂದಿದ್ದರು. ಸಾವು ಸಂಭವಿಸಿದಾಗ ಆ ವಾದ ಮಾಲೀಕನ ನೆರವಿಗೆ ಬರುವುದಿಲ್ಲ. ಕಾರ್ಮಿಕನ ಚಿಕಿತ್ಸೆಗೆ ಖರ್ಚಾದ ಹಣವನ್ನು ಪೂರ್ತಿ ಭರಿಸಬೇಕಾದದ್ದೂ ಕೆಲಸ ಕೊಟ್ಟವರೇ. ಕುಟುಂಬದ ಕೈಗೆ ಖಾಸಗಿಯಾಗಿ ಕೊಟ್ಟ ದುಡ್ಡನ್ನು ಕಾನೂನು ಪರಿಹಾರ ಎಂದು ಒಪ್ಪುವುದಿಲ್ಲ, ಮೂರು ತಿಂಗಳ ಕೂಲಿಯಷ್ಟು ಮುಂಗಡವನ್ನು ಬಿಟ್ಟರೆ ಎಲ್ಲವೂ ಪರಿಹಾರ ಆಯುಕ್ತರ ಮುಂದೆ ಠೇವಣಿಯಾಗಬೇಕು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈ ಅಪಘಾತ ನಡೆದದ್ದು ಅದಕ್ಕೆ ಮೊದಲು.

ಲೈನ್‌ಮನೆಯದ್ದೂ ಅಷ್ಟೇ. 1951ರ ತೋಟ ಕಾರ್ಮಿಕರ ಕಾಯ್ದೆ ಕನಿಷ್ಠ ಐದು ಹೆಕ್ಟೇರು ಜಾಗವೂ ಹದಿನೈದು ಕಾರ್ಮಿಕರೂ ಇರುವ ತೋಟಗಳಲ್ಲಿ ಕಾರ್ಮಿಕರಿಗೆ ಮನೆ ಕೊಡುವುದನ್ನು ಮಾಲೀಕರ ಕರ್ತವ್ಯ ಎಂದಿತ್ತು. ನಮ್ಮೂರಿನಲ್ಲಿ ಅದನ್ನು ಯಾವತ್ತೂ ಮಾಲೀಕರ ದೊಡ್ಡ ಮನಸ್ಸು ಎಂದೇ ಕರೆದೆವು.

ಮನೆಗೆ ಬಂದು ಪುಸ್ತಕ ತೆರೆದೆ. 2,86,000 ಬಿಲ್ಲು ಪೂರ್ತಿ ಒಬ್ಬರ ಬಾಕಿಯಾಗಿತ್ತು. ಅವರು 2,00,000 ಕಟ್ಟಿ ದಾನಿಯಾದರು. ಉಳಿದದ್ದನ್ನು ನಾನು ಮಸೀದಿಯ ಡಬ್ಬಿಯಿಂದ, ಆಟೋ ಸ್ಟ್ಯಾಂಡಿನಿಂದ, ನಲವತ್ತಾರು ಕೂಲಿಯಾಳುಗಳ ಬಟವಾಡೆಯಿಂದ ಎತ್ತಿದ್ದೆ. ಕೂಲಿಯವರ ನೂರು ನೂರು ರೂಪಾಯಿ 42 ಎಕರೆಯ ಮಾಲೀಕರ ಬಾಕಿ ತೀರಿಸಲು ಹೋಗಿತ್ತು, ಅದನ್ನು ಮಾಡಿಸಿದ್ದು ನನ್ನ ಕೈ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತೆರಿಗೆಯೋ ದಾನವೋ ಎಂದು ನಾವು ಅಷ್ಟು ಹೊತ್ತು ವಾದ ಮಾಡಿದ್ದೆವಲ್ಲ, ಎರಡರಲ್ಲೂ ದುಡ್ಡು ಮೇಲಿನಿಂದ ಕೆಳಗೆ ಬರುತ್ತದೆ ಎಂದೇ ಹಿಡಿದುಕೊಂಡು ಮಾತಾಡುತ್ತಿದ್ದೆವು. ಆ ಮನೆಗೆ ಬರಬೇಕಾದ ಹಣದಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ತೆರಿಗೆಯದೂ ಆಗಿರಲಿಲ್ಲ, ದಾನದ್ದೂ ಆಗಿರಲಿಲ್ಲ. ದುಡಿದವರಿಗೆ ಸಲ್ಲಬೇಕಾದ ಬಾಕಿ ಅದು. ಬಾಕಿಯನ್ನು ತಡೆಹಿಡಿದು ಅದರ ಒಂದು ಪಾಲನ್ನು ಪ್ರೀತಿಯಿಂದ ಕೊಟ್ಟರೆ ಪಡೆದವರು ಕೈಮುಗಿಯುತ್ತಾರೆ, ಕೊಟ್ಟವರಿಗೂ ತಾನು ಒಳ್ಳೆಯವನು ಅನ್ನಿಸುತ್ತದೆ. ಇಬ್ಬರೂ ಮನಸಾರೆ ಹಾಗೆ ನಂಬಿರುತ್ತಾರೆ. ಹಾಗಾಗಿಯೇ ಅದು ಕಣ್ಣಿಗೆ ಬೀಳುವುದಿಲ್ಲ.

ಮುಂದೆ ನಡೆದದ್ದು

ವಕೀಲರ ನೋಟಿಸು ಹೋಗುವ ಮೊದಲು ನಾನೇ ಮಾಲೀಕರಿಗೆ ಹೇಳಬೇಕು ಅನ್ನಿಸಿತು. ನಲವತ್ತು ವರ್ಷದ ಗೆಳೆತನ. ಲೆಕ್ಕದ ಕಾಗದ ಮೇಜಿನ ಮೇಲಿಟ್ಟೆ. ಓದಿದರು. 'ಹೆಣ ಹೊತ್ತವನು ನಾನು. ನನ್ನನ್ನೇ ಕೋರ್ಟಿಗೆ ಎಳೆಯುತ್ತೀಯಾ?' ಎಂದರು. ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಆ ಹೆಂಗಸಿಗೂ ಇದು ಬೇಡವಾಗಿತ್ತು. ಅಕ್ಷರ ಬಾರದವರು, ಆದರೆ ಯಾವುದಕ್ಕೆ ಎಷ್ಟು ಬೆಲೆ ತೆರಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 'ಲೈನ್ ಬಿಟ್ಟು ಎಲ್ಲಿಗೆ ಹೋಗಲಿ?' ಎಂದರು. ಎರಡು ವಾರ ಬಿಟ್ಟು ಅವರೇ ಬಂದರು. ಹಿರಿಯ ಮಗಳು ಹಾಸ್ಟೆಲಿನಿಂದ ಫೋನು ಮಾಡಿ 'ಅಪ್ಪಂದು ಅದು' ಎಂದಿದ್ದಳಂತೆ. ಹೆಬ್ಬೆಟ್ಟು ಒತ್ತಿದರು.

ಕೊನೆಗೆ ಕೆಲಸ ಮಾಡಿದ್ದು ಸೋದರಳಿಯ. ಅವನು ಮಾವನ ಎದುರು ಕೂತು ಕೇಳಿದ್ದು ಇಷ್ಟೇ ಎಂದು ಆಮೇಲೆ ಹೇಳಿದ. ಜೀಪಿಗೆ ವಿಮೆ ಇದೆ, ಕಾಫಿ ತುಂಬಿದ ಗೋದಾಮಿಗೆ ಇದೆ. ಕಾರ್ಮಿಕರಿಗೆಂದೇ ವಿಮೆ ಕಂಪನಿಗಳು ಪಾಲಿಸಿ ಕೊಡುತ್ತವೆ, ಅದು ಯಾಕಿಲ್ಲ? ಮಾವ ಉತ್ತರ ಕೊಡಲಿಲ್ಲವಂತೆ. ಡಿಸೆಂಬರ್‌ನಲ್ಲಿ ಮಾಲೀಕರು ಅಸಲು ಠೇವಣಿ ಇಟ್ಟರು. ದೊಡ್ಡ ಪಾಲನ್ನು ಮಕ್ಕಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡುವಂತೆ ಆದೇಶವಾಯಿತು. ಬಡ್ಡಿಯ ವಿಷಯ ಇನ್ನೂ ನಡೆಯುತ್ತಿದೆ. ಈಗ ಆ ತೋಟದ ಎಲ್ಲ ಕಾರ್ಮಿಕರಿಗೂ ವಿಮೆ ಇದೆ. ಮೆಣಸು ಕೊಯ್ಯುವವರಿಗೆ ಸೊಂಟಕ್ಕೆ ಹಗ್ಗ ಬಂದಿದೆ. ಮಾಲೀಕರು ಆ ಹೆಂಗಸಿನೊಡನೆ ಮೊದಲಿನಂತೆಯೇ ಇದ್ದಾರೆ, ಲೈನ್‌ಮನೆಯ ಸೋರುವ ಹಂಚು ಬದಲಿಸಿಕೊಟ್ಟರು. ನನ್ನೊಡನೆ ಮಾತಿಲ್ಲ.

ಸರ್ಕಾರದ ಕಡೆಯಿಂದ ವಿಧವಾ ವೇತನದ 800 ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಬಂತು. ರೇಷನ್ ಕಾರ್ಡು ಕೈಗೆ ಬಂದದ್ದು 2025ರ ಜನವರಿಯಲ್ಲಿ, ಮರಣದ ಹತ್ತನೇ ತಿಂಗಳಿಗೆ. ಅದರ ಬೆನ್ನಿಗೇ ಅಕ್ಕಿ, 20,000, ಗೃಹಲಕ್ಷ್ಮಿ ಎಲ್ಲವೂ ಒಂದೊಂದಾಗಿ ಬಂದವು. ಬಾಗಿಲು ತೆರೆದ ಮೇಲೆ ಯಾರಿಗೂ ಕೈಮುಗಿಯಬೇಕಾಗಲಿಲ್ಲ. ಆ ಬಾಗಿಲು ತೆರೆಸಲು ನಾನು ಇಪ್ಪತ್ತೆರಡು ಸಲ ಕಚೇರಿಗಳಿಗೆ ಹೋಗಿದ್ದೇನೆ, ಅವರು ಹದಿನಾಲ್ಕು ಸಲ. ಊರಿನಲ್ಲಿ ಚಂದಾ ಎತ್ತುವವರಿಗೆ ನಾನು ಈಗ ಹೇಳುವುದು ಒಂದೇ. ಮೊದಲ ಸಾವಿರ ರೂಪಾಯಿಯನ್ನು ಅಕ್ಕಿಗೆ ಕೊಡಿ. ಎರಡನೆಯ ಸಾವಿರವನ್ನು ಅವರ ಜೊತೆ ಕಚೇರಿಗೆ ಓಡಾಡುವವರ ಬಸ್ ಚಾರ್ಜಿಗೆ, ಜೆರಾಕ್ಸಿಗೆ, ಹೋದ ದಿನದ ಕೂಲಿಗೆ ಇಡಿ. ಏನಾಯಿತು, ಎಲ್ಲಾಯಿತು ಎಂದು ಡಬ್ಬಿ ಹಿಡಿಯುವ ಮೊದಲೇ ಕೇಳಿ.

2025ರ ಮಾರ್ಚ್‌ನಲ್ಲಿ, ವರ್ಷದ ದಿನ ಕಳೆದ ಮೇಲೆ, ಅವರು ನಮ್ಮ ಮನೆಗೆ ಬಂದರು. ಸೆರಗಿನಲ್ಲಿ ನೂರರ ನೋಟುಗಳಿದ್ದವು. 'ಪುಸ್ತಕ ತೆಗೀರಿ ಸಾರ್, ಕೂಲಿಯವರ ಹೆಸರು ಓದಿ' ಎಂದರು. ಬೇಡ, ಅವರು ಪ್ರೀತಿಯಿಂದ ಕೊಟ್ಟದ್ದು ಎಂದೆ. 'ಪ್ರೀತಿ ಗೊತ್ತು. ಅವರು ಕೊಡಬೇಕಾದ್ದಲ್ಲ ಅಲ್ವಾ' ಎಂದರು. ನಾನು ಒಂದೊಂದೇ ಹೆಸರು ಓದಿದೆ, ಅವರು ಒಂದೊಂದೇ ನೋಟು ಬೇರೆ ಇಟ್ಟರು. ಭಾನುವಾರ ಸಂತೆಗೆ ಹೋಗುವ ದಾರಿಯಲ್ಲಿ ಲೈನ್ ಲೈನಿಗೆ ಹೋಗಿ ಕೊಟ್ಟು ಬಂದೆವು. ಕೆಲವರು ಬೇಡವೆಂದರು, ಕೈಗೆ ತುರುಕಿ ಬಂದರು. ಅಸ್ಸಾಮಿನ ಮೂವರು ಅಷ್ಟರಲ್ಲಿ ಊರಿಗೆ ಹೊರಟುಹೋಗಿದ್ದರು, ಅವರ ಫೋನ್ ನಂಬರು ಯಾರ ಬಳಿಯೂ ಇರಲಿಲ್ಲ. ಆ ಮುನ್ನೂರು ರೂಪಾಯಿ ಅವರ ಹೆಸರುಗಳಿರುವ ಪುಟದ ನಡುವೆ ಹಾಗೆಯೇ ಇದೆ.